ಬಲಗಡೆಯ ಎಸಳಿಗೆ ಹಚ್ಚಿದ ಗಂಧ

ಗಂಗವ್ವ, ಅವತ್ತು ಗುಡಿಯಲ್ಲಿ ಬೀರಪ್ಪ ಬೇಡ ಅನ್ನಲಿಲ್ಲ. ನಾನು ಅನ್ನಿಸಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ನಮ್ಮ ಮನೆಯವರಿಗೂ.

ಗಡಹಿಂಗ್ಲಜದ ನಮ್ಮ ಹೊಲದಲ್ಲಿ ನೀವು ಕುರಿ ಕೂಡಿಸುತ್ತಿದ್ದ ಕಾಲ. ನಿಮ್ಮ ಮಾವ ತೀರಿಕೊಂಡ ಮೇಲೆ ಅವರ ಬೇಟೆಯ ಬಂದೂಕನ್ನು ಮಾರುತ್ತೀರಿ ಎಂದು ಕೇಳಿ, ಇವರು ಇಚಲಕರಂಜಿಯಿಂದ ನನ್ನನ್ನೂ ಕರೆದುಕೊಂಡು ಓಡಿ ಬಂದಿದ್ದರು. ನಿಮ್ಮ ಮನೆಯಲ್ಲಿ ನೀವು ಅದನ್ನು ಹಳೆಯ ಕಂಬಳಿಯಿಂದ ಬಿಚ್ಚಿದಿರಿ. ಕುಸುಬಿ ಎಣ್ಣೆಯ ವಾಸನೆ. ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಯಾವ ಗುರುತೂ ಇಲ್ಲ — ಗಲ್ಲ ಒರಗುವ ಕಡೆ ಮಾತ್ರ ಕಟ್ಟಿಗೆ ಸವೆದು ನುಣ್ಣಗಾಗಿತ್ತು.

"ಹಂದಿ ಬ್ಯಾಟಿಗೆ ಇಟ್ಟಿದ್ರ್ರಿ ಬಾಯಾರ," ಅಂದಿರಿ. "ಗಬ್ಬದ ಹಂದಿ ಕಂಡ್ರ ಬಂದೂಕ ಇಳಸತಿದ್ರು ನಮ್ಮ ಮಾವಾರು."

ಇವರು ಅದನ್ನು ಹೆಗಲಿಗೇರಿಸಿ ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟರು. ನಾನು ಇವರ ಮುಖ ನೋಡಿದೆ. ಸಿಟ್ಟು ಬಂದರೆ ಉಣ್ಣುವ ತಾಟನ್ನು ಗೋಡೆಗೆ ಒಗೆಯುವ ಕೈ ಅದು...

"ನಮ್ಮ ಹಾಲ್‌ನಾಗ ತೂಗಹಾಕೋದ. ಗ್ವಾಡಿ ಮ್ಯಾಲಿನ ಬಂದೂಕಕ್ಕ ಎಂಥಾ ಲೈಸನ್ಸ? ನೀ ಏನಂತಿ?" ಅಂದರು.

ಬೇಡ ಅನ್ನಬೇಕಿತ್ತು. ನಂಬರಿಲ್ಲದ್ದು ಮನೆಗೆ ಬಂದರೆ ಹಿಂದೆಯೇ ಪೊಲೀಸರು ಬರುತ್ತಾರೆ, ಅದಕ್ಕೂ ಮೊದಲು ನನಗೆ ಇವರ ಕೈಯದೇ ಹೆದರಿಕೆ — ಇಷ್ಟೇ ಇವರಿಗೆ ಹೇಳಬೇಕಿದ್ದುದು. ಎದ್ದು ನಿಂತು ನೆಟ್ಟಗೆ ಮಾತಾಡುವುದನ್ನು ಕಾನ್ವೆಂಟಿನ ಸಿಸ್ಟರು ಎಷ್ಟು ಕಲಿಸಿದ್ದರು. ನಾನು ಸೆರಗು ಸರಿಮಾಡಿಕೊಂಡು, "ದೇವರನ್ನ ಕೇಳೂಣ್ರಿ," ಅಂದೆ.

ನೀವು ನಕ್ಕಿರಿ. "ಕಾನ್ವೆಂಟ್ ಕಲತಾರ, ನಮಕಿಂತ ನಿಮಗ ಬೀರಪ್ಪನ ಹುಚ್ಚ ಭಾಳ ಐತಿ ನೋಡ್ರಿ!"

ಗುಡಿಯಲ್ಲಿ ಪೂಜಾರಿಯ ಬೆರಳಿಗೆ ಕುಡಗೋಲು ತಾಗಿ ಬಟ್ಟೆ ಸುತ್ತಿತ್ತು. ದೇವರ ಎರಡೂ ಭುಜಕ್ಕೆ ಹೂವಿನ ಎಸಳನ್ನು ನೀರಲ್ಲಿ ಅದ್ದಿ ಅಂಟಿಸಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. "ಬಾಯಾರ, ಮಡೀಲೆ ಬಂದೀರಿ, ಎಸಳ ನೀವ ಹಚ್ಚರಿ," ಅಂದ ಅವನು. ಬಲಗಡೆಯದಕ್ಕೆ ನೀರಲ್ಲ, ತೇದ ಗಂಧ ಬಳಿದು ಉಗುರಿನಿಂದ ಒತ್ತಿದೆ. ಎಡಗಡೆಯದಕ್ಕೆ ನೀರನ್ನೂ ಸರಿಯಾಗಿ ತಾಗಿಸಲಿಲ್ಲ. ನೀವೆಲ್ಲ ಕಣ್ಣು ಮುಚ್ಚಿ ಕೈ ಮುಗಿದಿದ್ದಿರಿ. ಪೂಜಾರಿ ಕೇಳಿ ಮುಗಿಸುವ ಮೊದಲೇ ಎಡಗಡೆಯದು ಉದುರಿತು.

ಇವರು ಮರುಮಾತಿಲ್ಲದೆ ಒಪ್ಪಿಕೊಂಡರು. ನನ್ನ ಜೀವ ಹಗುರವಾಯಿತು. ನಿಮ್ಮ ಮುಖ ಮಾತ್ರ — ಅದು ಹೇಗೆ ಸಣ್ಣದಾಯಿತು ಎಂದು ಕಂಡೆ. ಕಂಡೂ ಕಾರು ಹತ್ತಿದೆ.

ಮೊನ್ನೆ ನೀವು ನಮ್ಮ ಮನೆಗೆ ಬಂದು, ನೀವೇ ನೂತ ಉಣ್ಣೆಯ ಕಂಬಳಿಯನ್ನು ನನ್ನ ತೊಡೆಯ ಮೇಲಿಟ್ಟಿರಿ. ಬಂದೂಕನ್ನು ಆಗಲೇ ಪೊಲೀಸರಿಗೆ ಒಪ್ಪಿಸಿದ್ದನ್ನು ಹೇಳಿದಿರಿ. ಆಮೇಲೆ ದನಿ ತಗ್ಗಿಸಿ —

"ದೇವರು ಸುಮ್ಮಸುಮ್ಮನ ಬ್ಯಾಡ ಅಂತಾನೇನ್ರಿ? ಅದರಲೆ ಯಾರ್ನೋ ಕೊಂದಾನ ಅಂವಾ, ನಮಗ ಹೇಳಿಲ್ಲ. ಅವನ ಟಾಕ ದೇವರ ಜಗಲಿ ಮ್ಯಾಲಿಂದ ತಗದ ಹಿರಣ್ಯಕೇಶಿ ಹೊಳಿಗೆ ಬಿಟ್ಟಬಂದ್ನಿರಿ. ನಿಮ್ಮ ಪುಣ್ಯಾ, ಮನಿ ಉಳೀತು."

ಮಾವಾರು ಅನ್ನುತ್ತಿದ್ದ ನೀವು ಈಗ ಅವರನ್ನೇ ಅಂವಾ ಅಂದಿರಿ.

ಆ ಟಾಕನ್ನು ನಾನು ನೋಡಿದ್ದೆ. ತೀರಿಹೋದ ಹಿರಿಯರನ್ನು ಬೆಳ್ಳಿಯ ಪುಟ್ಟ ತಗಡಿನಲ್ಲಿ ಮೂಡಿಸಿ ದೇವರ ಸಾಲಿನಲ್ಲಿ ಕೂಡಿಸುತ್ತೀರಲ್ಲ, ಅದು. ದಿನಾ ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಅದರ ಮೂಗನ್ನೇ ಸವೆಸಿದ್ದಿರಿ.

ನಾನು ಏನು ಮಾಡಿದೆ? ಚಹಾ ಸೋಸಿದೆ. ಸಕ್ಕರೆ ಸಾಕೇ ಎಂದು ಕೇಳಿದೆ.

ಬೆಳ್ಳಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಹೊಸದು ಮಾಡಿಸಿಕೊಡುತ್ತೇನೆ ಎನ್ನಲು ನನಗೆ ಬಾಯಿಲ್ಲ. ಕಂಬಳಿಯ ಮಡಿಕೆ ಬಿಚ್ಚಿಲ್ಲ. ನಾಳೆ ಅದನ್ನು ತೆಗೆದುಕೊಂಡು ಗಡಹಿಂಗ್ಲಜದ ಬಸ್ಸು ಹತ್ತುತ್ತೇನೆ. ಹೊರಡುವ ಮುಂಚೆ ಇವರಿಗೂ ಹೇಳುತ್ತೇನೆ — ತಾಟು ಒಗೆದರೆ ಒಗೆಯಲಿ. ನಿಮ್ಮ ಜಗಲಿಯ ಮುಂದೆ, ಆ ಖಾಲಿ ಜಾಗದ ಮುಂದೆ ನಿಂತು, ಮನೆಮಂದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ: ಮಾವಾರ ಮೇಲೆ ಆ ಮಾತು ತಂದದ್ದು ದೇವರಲ್ಲ ಗಂಗವ್ವ, ನನ್ನ ಬೆರಳು.