ಲಕ್ಷ್ಮಿಯ ಹಿಂದಿನ ಪರದೆ

ಜಯನಗರದ ನಾಲ್ಕನೇ ಟಿ ಬ್ಲಾಕಿನ ಸೇತುರಾಮ ಓದುತ್ತಿದ್ದದ್ದು ಕಲಾಶಾಲೆಯಲ್ಲಿ. ಆದರೆ ಚಿತ್ರ ಬರೆಯುತ್ತಿರಲಿಲ್ಲ. ಅವನದು ಕಲಾಸಿದ್ಧಾಂತ. ಜನ ಚಿತ್ರಗಳನ್ನು ಹೇಗೆ ನೋಡುತ್ತಾರೆ, ಯಾಕೆ ಹಾಗೇ ನೋಡುತ್ತಾರೆ ಎಂಬುದು ಪಾಠ. ಎಂಬತ್ತೊಂದನೇ ಇಸವಿಯಲ್ಲಿ ಆ ತರಗತಿಗೆ ಅವನೊಬ್ಬನೇ. ಆದರೂ ಮೇಷ್ಟ್ರು ದಿನವೂ ಹಾಜರಿ ಕೂಗುತ್ತಿದ್ದರು. ಅವನೂ ಎದ್ದು ನಿಂತು "ಪ್ರೆಸೆಂಟ್ ಸಾರ್" ಅನ್ನುತ್ತಿದ್ದ.

"ಮೂರು ವರ್ಷದಲ್ಲಿ ನಮ್ಮನೆ ಗೇಟಿಗೊಂದು ಬೋರ್ಡ್ ಬರ್ದಿಲ್ಲ ಇವ್ನು," ಎಂದು ತಾಯಿ ಸೀತಾಲಕ್ಷ್ಮಿಯ ದೂರು.

"ಬರೆಯೋದಲ್ವಂತಮ್ಮ, ನೋಡೋದಂತೆ. ನೋಡೋದಕ್ಕೂ ಡಿಗ್ರಿ ಕೊಡ್ತಾರೆ!" ಎಂದು ಬ್ಯಾಂಕಿನಲ್ಲಿದ್ದ ಅಣ್ಣ ಅನಂತರಾಮು ನಗುತ್ತಿದ್ದ.

ಸೇತುರಾಮ ಊಟದ ಹೊತ್ತಿಗೆ ವಿಷಯ ತೆಗೆದರೆ ತಾಯಿ, "ಸಾರು ಆರುತ್ತೆ, ಉಣ್ಣು," ಅನ್ನುವರು. ತಾನು ನೋಡಿದ್ದನ್ನು ಕೇಳುವವರೊಬ್ಬರು ಅವನಿಗೆ ಬೇಕಿತ್ತು. ಡಿಗ್ರಿಗಿಂತ ಹೆಚ್ಚಾಗಿ ಬೇಕಿತ್ತು. ಆದರೆ ತನ್ನದು ಸಾಮಾನ್ಯರಿಗೆ ಎಟುಕುವ ವಿಷಯವಲ್ಲವೆಂದು ಸಮಾಧಾನ ಹೇಳಿಕೊಂಡು, ಸಂಜೆ ಶಾಪಿಂಗ್ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಸಿನಿಮಾ ಪೋಸ್ಟರುಗಳನ್ನು ಮಹಾ ಗಂಭೀರವಾಗಿ ನೋಡುತ್ತಿದ್ದ.

ಕೊನೆಯ ವರ್ಷದ ಪ್ರಬಂಧಕ್ಕೆ ಮನೆಗೋಡೆಯ ದೇವರ ಪಟಗಳನ್ನು ಆರಿಸಿಕೊಂಡ. ಒಂದು ಭಾನುವಾರ ಇಸ್ತ್ರಿ ಶರಟು ತೊಟ್ಟು ಹಿಂದಿನ ಕ್ರಾಸಿನ ಅಲಮೇಲಮ್ಮನವರ ಬಾಗಿಲು ತಟ್ಟಿ, "ನಿಮ್ಮನೆ ಪಟಗಳನ್ನ ನೋಡ್ಬೋದಾ?" ಎಂದ.

ಅನಂತರಾಮುವಿಗೆ ಹೆಣ್ಣು ಹುಡುಕುತ್ತಿರುವುದು ಬಡಾವಣೆಗೆಲ್ಲ ಗೊತ್ತಿತ್ತು. ಗಂಡಿನ ಕಡೆಯವರು ಮೊದಲು ಯಾರನ್ನಾದರೂ ಏನಾದರೊಂದು ನೆಪ ಹೇಳಿ ಕಳಿಸಿ, ಹುಡುಗಿಯನ್ನು ಮೆಲ್ಲಗೆ ನೋಡಿಸುವುದೂ ಗೊತ್ತಿದ್ದದ್ದೇ. ನೆಪಗಳಲ್ಲಿ ಇದು ಸ್ವಲ್ಪ ಬಡಕಲು, ಅಷ್ಟೆ.

"ಧಾರಾಳವಾಗಿ ನೋಡಪ್ಪ," ಎಂದು ಅವನನ್ನು ಕೂರಿಸಿ, ಅಲಮೇಲಮ್ಮ ರವೆ ಹುರಿಯಲು ಹೋದರು.

ಉಪ್ಪಿಟ್ಟು, ಕೇಸರಿಬಾತು ತಂದವಳು ಮಗಳು ವಿಮಲಾ. ಸೇತುರಾಮ ತಟ್ಟೆ ತೆಗೆದುಕೊಂಡನೇ ಹೊರತು ಗೋಡೆಯಿಂದ ಕಣ್ಣು ಕೀಳಲಿಲ್ಲ.

"ನಮ್ಮನೆ ಲಕ್ಷ್ಮೀಲಿ ಅಂಥಾದ್ದೇನಿದೆ?" ಎಂದಳು ವಿಮಲಾ.

"ಹಿಂದೆ ಪರದೆ ನೋಡಿ."

"ಅಯ್ಯೋ ಹೌದು! ನಮ್ಮತ್ತೆ ಮದುವೆ ಫೋಟೋದಲ್ಲೂ ಹೀಗೇ ಇದೆ. ಲಕ್ಷ್ಮೀನೂ ಸ್ಟುಡಿಯೋಗೆ ಹೋಗಿದ್ಲಾ?"

ಸೇತುರಾಮನ ಚಮಚ ನಿಂತಿತು. ಆಮೇಲೆ ಅವನ ಮಾತು ನಿಲ್ಲಲಿಲ್ಲ. ಉಪ್ಪಿಟ್ಟು ತಣ್ಣಗಾಗಿ ಗಟ್ಟಿಯಾಯಿತು. ಅವಳು ನಡುನಡುವೆ "ಆಮೇಲೆ?" ಅನ್ನುತ್ತಲೇ ಇದ್ದಳು.

ಮಾರನೆಯ ದಿನ ಅಲಮೇಲಮ್ಮ ಮಗಳ ಜಾತಕ ಹಿಡಿದುಕೊಂಡು ಬಂದು ಹೋದರು.

"ಲೋ, ನೀನು ಮೊದ್ಲೇ ಹೋಗಿ ನೋಡಿದೀಯಂತಲ್ಲ! ಹೇಗಿದಾಳೋ?" ಎಂದರು ತಾಯಿ. ಅಣ್ಣನೂ ಪೇಪರ್ ಕೆಳಗಿಟ್ಟ.

ನೀನೇನು ನೋಡಿದೆ ಎಂದು ಮನೆಯವರು ಕೇಳಿದ್ದು ಅದೇ ಮೊದಲು. ಸೇತುರಾಮ ಕಣ್ಣು ಮುಚ್ಚಿದ. ಪರದೆಯ ನೆರಿಗೆ, ಆನೆಗಳ ಸೊಂಡಿಲು, ಕೆಳಗೆ ಬಟ್ಟೆ ಅಂಗಡಿಯ ಹೆಸರು ಎಲ್ಲ ಬಂದವು. ಹುಡುಗಿಯ ಮುಖ ಬರಲಿಲ್ಲ. ದನಿ ಮಾತ್ರ ಬಂತು.

"ಒಳ್ಳೇ ಪ್ರಶ್ನೆ ಕೇಳ್ತಾರೆ," ಎಂದ.

"ಹೇಗಿದಾಳೆ ಅಂದ್ರೆ ಪ್ರಶ್ನೆ ಕೇಳ್ತಾಳಂತೆ! ನಾನೇ ನೋಡ್ಕೊಂಡ್ ಬರ್ತೀನಿ ಬಿಡಮ್ಮ," ಎಂದ ಅನಂತರಾಮು.

ಹೋದ, ನೋಡಿದ, ಒಪ್ಪಿದ.

ಛತ್ರದಲ್ಲಿ ಆರತಕ್ಷತೆಯ ಫೋಟೋಗೆಂದು ಪರದೆ ಕಟ್ಟಿದ್ದರು. ನೆರಿಗೆ ನೆರಿಗೆಯ ಕೆಂಪು, ಥೇಟ್ ಲಕ್ಷ್ಮಿಯದೇ. ಕೆಳಗೆ ನೋಡಲು ನೆರೆದವರ ಗುಂಪಿನ ತುದಿಯಲ್ಲಿ ನಿಂತಿದ್ದ ಸೇತುರಾಮ ಅದನ್ನೇ ನೋಡುತ್ತಿದ್ದ. ವಿಮಲಾ ಅವನ ನೋಟ ಹಿಡಿದು ತಿರುಗಿ ಪರದೆ ನೋಡಿದಳು; ಮತ್ತೆ ಅವನತ್ತ ನೋಡಿ ಫಕ್ಕನೆ ನಕ್ಕಳು. ಅವನು ಅವಳ ಮುಖ ನೋಡಿದ್ದು ಆಗಲೇ.

"ಈ ಕಡೆ ನೋಡೀಮ್ಮ!" ಎಂದು ಫೋಟೋದವನು ಕೂಗುವಷ್ಟರಲ್ಲಿ ಕ್ಲಿಕ್ಕಾಗಿ ಹೋಗಿತ್ತು.

ಅಣ್ಣನಿಗೆ ಹುಬ್ಬಳ್ಳಿಗೆ ವರ್ಗವಾಗಿ ಇಬ್ಬರೂ ಹೊರಟರು. ಸೇತುರಾಮ ತರಗತಿಗೇ ಮೊದಲಿಗನಾಗಿ ಪಾಸಾದ. ಪ್ರಬಂಧ ಓದಿದವರು ಮೇಷ್ಟ್ರೊಬ್ಬರೇ.

ಫೋಟೋ ಈಗ ನಡುಮನೆಯ ಗೋಡೆಯ ಮೇಲಿದೆ. ಬಂದ ನೆಂಟರು ಕಾಫಿ ಹಿಡಿದುಕೊಂಡು, "ಅಲ್ಲಾ ಸೀತಾಲಕ್ಷ್ಮಿ, ಎಲ್ಲಾ ಕ್ಯಾಮೆರಾ ನೋಡ್ತಿದ್ರೆ ನಿನ್ನ ಸೊಸೆ ಎತ್ಲಾಗ್ ನೋಡ್ತಾ ನಗ್ತಿದಾಳೆ?" ಅನ್ನುವರು.

"ಇವನನ್ನ ಕೇಳಿ. ಅದನ್ನೇ ಓದಿರೋನು," ಎಂದು ತಾಯಿ ಕೈ ತೋರಿಸುವರು.

ಸೇತುರಾಮ ಫೋಟೋವನ್ನೊಮ್ಮೆ ನೋಡಿ, "ಕಾಫಿ ಆರುತ್ತೆ, ಕುಡೀರಿ," ಎನ್ನುವನು.