ಗಾಳಿಮಾವ ಮುಚ್ಚಿದ ಡ್ಯಾಂಪರ್

ನನ್ನ ಸೋದರಮಾವನಿಗೆ ಮನೆಯಲ್ಲಿ ಗಾಳಿಮಾವ ಎಂದೇ ಹೆಸರು. ದೊಡ್ಡ ಕಚೇರಿಗಳಿಗೆ ಎಷ್ಟು ಗಾಳಿ ಬೇಕು, ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂದು ನಕ್ಷೆ ಬರೆದು, ತಗಡಿನ ಕೊಳವೆ ಕೂರಿಸುವುದು ಅವನ ಕಸುಬು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಅಮ್ಮ ತಮ್ಮನನ್ನು ಛೇಡಿಸುತ್ತಿದ್ದಳು. ಯಾರ ಮನೆಗೆ ಹೋದರೂ ಅವನು ಮೊದಲು ನೋಡುವುದು ಛಾವಣಿಯನ್ನು, ಆಮೇಲೆ ಮನೆಯವರನ್ನು.

ಅವನು ಗಾಳಿ ವ್ಯವಸ್ಥೆ ಮಾಡಿದ ವಿಮಾ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು, ಅವನ ಶಿಫಾರಸಿಲ್ಲದೆಯೇ. ಕಿಟಕಿ ತೆರೆಯದ ಎ.ಸಿ. ಕಟ್ಟಡ. ಮಧ್ಯಾಹ್ನ ಎರಡಾಯಿತೆಂದರೆ ತಲೆ ಭಾರ, ಕಣ್ಣು ಎಳೆಯುವುದು. ಅರ್ಜಿಗಳಲ್ಲಿ ತಪ್ಪು ಬರೆಯತೊಡಗಿದೆ. ಮಾವನಿಗೆ ಹೇಳಿದರೆ, "ನಾನು ಹಾಕಿದ ಗಾಳಿ ಕಣೇ ಅದು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕ. ನಾನು ನಂಬಿದೆ. ನನ್ನ ಸೋಮಾರಿತನಕ್ಕೆ ನಾನೇ ನಾಚಿ, ಗಳಿಗೆಗೊಮ್ಮೆ ಎದ್ದುಹೋಗಿ ಮುಖ ತೊಳೆದು ಬರುತ್ತಿದ್ದೆ. ಕೆಲಸಕ್ಕೆ ಸೇರಿದ ಎಂಟನೇ ತಿಂಗಳು, ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದವಳನ್ನು ಮ್ಯಾನೇಜರ್ ಎಬ್ಬಿಸಿ, ಕೆಲಸದಿಂದಲೇ ತೆಗೆದು ಮನೆಗೆ ಕಳಿಸಿದರು.

ಎರಡು ತಿಂಗಳ ನಂತರ ಒಂದು ಸಂಜೆ ಮಾವ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ನಿನ್ನ ಆ ಆಫೀಸಿನ ಕಟ್ಟಡ ಒಪ್ಪಿಸೋ ದಿನ ಬೇಗ ತಂಪಾಗ್ಲಿ, ಮಾಲೀಕರು ಥರ್ಮಾಮೀಟರ್ ನೋಡಿ ಖುಷಿಪಡ್ಲಿ ಅಂತ ಹೊರಗಾಳಿ ಡ್ಯಾಂಪರ್ ಮುಚ್ಚಿದ್ದೆ. ನಮ್ಮ ಕಸುಬಲ್ಲಿ ಎಲ್ರೂ ಮಾಡ್ತಾರೆ. ಆಮೇಲೆ ತೆರೆಯೋದು ಮರೆತೇಬಿಟ್ಟೆ. ಹೋದ ತಿಂಗಳು ಸರ್ವೀಸಿಗೆ ಹೋದಾಗ ನೋಡಿದೆ."

ಡ್ಯಾಂಪರ್ ಎಂದರೆ ಹೊರಗಿನ, ಬಿಸಿಯಾದರೂ ಹೊಸದಾದ ಗಾಳಿಯನ್ನು ಒಳಬಿಡುವ ತಗಡಿನ ಬಾಗಿಲು. ಅದು ಮುಚ್ಚಿದ್ದರೆ ನಲವತ್ತು ಜನ ಬಿಟ್ಟ ಉಸಿರನ್ನೇ ನಲವತ್ತು ಜನ ದಿನವಿಡೀ ಎಳೆದುಕೊಳ್ಳಬೇಕು.

"ಮ್ಯಾನೇಜರಿಗೆ ಹೇಳಿದ್ಯಾ?"

"ಇಲ್ಲ. ಸುಮ್ನೆ ತೆರೆದು ಇಳಿದುಬಿಟ್ಟೆ."

ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮಾವ, ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದ. "ಹೋಗ್ಲಿ ಬಿಡು, ಮರೆವು ಯಾರಿಗಿಲ್ಲ" ಎಂದೆ.

"ಅದಲ್ಲ ಕಣೇ. ಇವತ್ತು ಮತ್ತೆ ಹೋಗಿದ್ದೆ. ನಿನ್ನ ಜಾಗಕ್ಕೆ ಬಂದಿರೋ ಹುಡುಗಿ ಬಲು ಚುರುಕಂತೆ. ಈಗ ಯಾರೂ ತೂಕಡಿಸಲ್ವಂತೆ. 'ಮೊದಲಿದ್ದವಳು ದಂಡಪಿಂಡ, ಅವಳನ್ನ ನೋಡಿ ಉಳಿದೋರೂ ಕೆಟ್ಟಿದ್ರು' ಅಂದ್ರು ಮ್ಯಾನೇಜರ್. ನೀನು ನಮ್ಮಕ್ಕನ ಮಗಳು ಅಂತ ಅವರಿಗೆ ಗೊತ್ತಿಲ್ಲ."

"ನೀನೇನಂದೆ?"

ಮಾವ ತಲೆಯೆತ್ತಿ ನಮ್ಮ ಛಾವಣಿ ನೋಡಿದ.

"ಹೌದು ಸಾರ್ ಅಂದೆ."