ಒರೆಗಲ್ಲಿಗೆ ಕಾಣದ ಕಲಬೆರಕೆ

2006ರಲ್ಲಿ ನಾನು ನಂಜನಗೂಡಿನ ಒಂದು ಖಾಸಗಿ ಕಂಪನಿಯ ಸಂಶೋಧನಾ ಘಟಕದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಓದಿದ್ದು ಏಳನೇ ತರಗತಿ. ಅದಕ್ಕೆ ಮೊದಲು ತಿ. ನರಸೀಪುರದಲ್ಲಿ ಹದಿನೆಂಟು ವರ್ಷ ಅಕ್ಕಸಾಲಿಗನಾಗಿದ್ದವನು. ಚಿನ್ನದ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಿರಲಿಲ್ಲ.

ಅಲ್ಲಿ ಬೆಳೆಸುತ್ತಿದ್ದುದು ಸಿಲಿಕಾನ್ ನ್ಯಾನೋವೈರ್, ಕೂದಲಿಗಿಂತ ಸಾವಿರ ಪಾಲು ತೆಳ್ಳಗಿನ ತಂತಿ. ವ್ಯಾಕ್ಯೂಮ್ ಚೇಂಬರಿನಲ್ಲಿ ಚಿನ್ನವನ್ನು ಆವಿ ಮಾಡಿ ಸಿಲಿಕಾನ್ ಬಿಲ್ಲೆಗೆ ಲೇಪಿಸುವುದು ನನ್ನ ಕೆಲಸ. ಕುಲುಮೆಯ ಕಾವಿಗೆ ಆ ಲೇಪ ಸಣ್ಣ ಹನಿಗಳಾಗುತ್ತದೆ. ಹನಿಯು ಸಿಲೇನ್ ಅನಿಲದಿಂದ ಸಿಲಿಕಾನ್ ಹೀರಿ, ಹೊಟ್ಟೆ ತುಂಬಿದ ಮೇಲೆ ತನ್ನ ಅಡಿಗೆ ಬಿಡುತ್ತದೆ. ಹಾಗೆ ತಂತಿ ಬೆಳೆದಂತೆ ಹನಿ ಅದರ ತುದಿಯಲ್ಲೇ ಕೂತು ಮೇಲೇರುತ್ತದೆ. ಹೀಗೆ ತಾನು ಖರ್ಚಾಗದೆ ಕೆಲಸ ಮಾಡಿಸುವ ಲೋಹಕ್ಕೆ ಕ್ಯಾಟಲಿಸ್ಟ್ ಎನ್ನುತ್ತಾರೆ.

ಸಂಶೋಧಕಿ ಸವಿತಾ ಬನ್ನೂರು ಕಡೆಯವಳು, ಕಬ್ಬು ಕಡಿಯುವ ಕೂಲಿಯವರ ಮಗಳು. ತಿಂಗಳೊಳಗೆ ನೆಟ್ಟನೆಯ ತಂತಿ ತೋರಿಸಿದರೆ ಮಾತ್ರ ಅವಳ ಕೆಲಸ ಉಳಿಯುತ್ತಿತ್ತು. ಆಗಲೇ ಚಿನ್ನ ಮುಗಿಯಿತು. ಹೊಸದು ಬರಲು ಎರಡು ವಾರ. ಅವಳು ಕಾಯೋಣ ಎಂದಳು. ನಾನು ಕೇಳಲಿಲ್ಲ. ನನ್ನದೇ ಹಳೆಯ ಉಂಗುರ ಕರಗಿಸಿ, ಶುದ್ಧಿ ಮಾಡಿ, ಒರೆಗಲ್ಲಿಗೆ ತೀಡಿ, ಆಸಿಡ್ ಬಿಟ್ಟು ನೋಡಿ ತಂದೆ.

“ಗೆರೆ ಒಂಚೂರೂ ಮಾಸಿಲ್ಲ ಕಣವ್ವ. ನನ್ ಕಲ್ಲು ಸುಳ್ ಏಳಾಕಿಲ್ಲ.”

“ಕೆಟ್ರೆ ನಿಮ್ ಕಲ್ನ ಒಳೆಗೆ ಎಸ್ದುಬುಡ್ತೀನಿ ಆಚಾರ್ರೇ,” ಎಂದು ನಕ್ಕು ಒಪ್ಪಿದಳು.

ತಂತಿಗಳು ಸೊಟ್ಟಗೆ ಬಂದವು, ಕೆಲವು ಕಡೆ ಬರಲೇ ಇಲ್ಲ. ಹೊಸ ಚಿನ್ನ ಬಂದ ಮೇಲೂ ಹಾಗೇ. ಒಂದು ಬೆಳಿಗ್ಗೆ ಚೇಂಬರಿನ ಬಾಗಿಲಿಗೆ ಅಂಟಿಸಿದ್ದ, ಒಳಗೆ ಹಾಕಬಾರದ ಲೋಹಗಳ ಪಟ್ಟಿ ನೋಡುತ್ತಾ ನಿಂತೆ. ಕ್ಯಾಡ್ಮಿಯಂ ಮೊದಲನೆಯದು. ನಮ್ಮ ಕಸುಬಿನಲ್ಲಿ ಕೆಡಿಎಂ ಎನ್ನುವ ಬೆಸುಗೆಯಲ್ಲಿ ಇರುವುದೇ ಅದು. ಆ ಉಂಗುರ ಬೆಸೆದವನೂ ನಾನೇ. ಶುದ್ಧಿ ಮಾಡಿದ ಮೇಲೂ ಉಳಿದಿದ್ದ ಚೂರುಪಾರು ಕ್ಯಾಡ್ಮಿಯಂ, ಚಿನ್ನಕ್ಕಿಂತ ಮೊದಲೇ ಆವಿಯಾಗಿ ಚೇಂಬರಿನ ಗೋಡೆಗೆಲ್ಲ ಅಂಟಿತ್ತು. ಕಾಯಿಸಿದಾಗಲೆಲ್ಲ ಅಲ್ಲಿಂದೆದ್ದು ಹೊಸ ಚಿನ್ನದ ಲೇಪಕ್ಕೂ ಸೇರುತ್ತಿತ್ತು. ಕಲ್ಲು ನೂರರಲ್ಲಿ ಒಂದು ಪಾಲು ಕಲಬೆರಕೆ ಹೇಳೀತು. ಈ ಕೆಲಸಕ್ಕೆ ಲಕ್ಷದಲ್ಲಿ ಒಂದೂ ಹೆಚ್ಚು.

ಒಂಬತ್ತು ದಿನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಸಭೆ ಕರೆದು, ಏನು ಬದಲಾಯಿತು ಎಂದು ಕೇಳಿದರು. ಸವಿತಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ಚಿನ್ನ ಬದ್ಲಾಗಿತ್ತು ಸಾರ್. ಒಪ್ಪಿದ್ದು ನಾನೇ,” ಎಂದಳು.

ಆ ಶನಿವಾರ ಅವಳನ್ನು ಕೆಲಸದಿಂದ ಕಳಿಸಿಬಿಟ್ಟರು. ಸೋಮವಾರ ನಾನು ಎಲ್ಲ ಬರೆದುಕೊಟ್ಟೆ. ಚೇಂಬರ್ ಬಿಚ್ಚಿ ತೊಳೆದ ಮೇಲೆ ತಂತಿ ನೆಟ್ಟಗೆ ಬೆಳೆಯಿತು. ನನ್ನನ್ನು ಬೈದು ಉಳಿಸಿಕೊಂಡರು. ಅವಳ ಹುದ್ದೆ ಮಾತ್ರ ರದ್ದಾಗಿತ್ತು.

ಬನ್ನೂರಿಗೆ ಹೋಗಿ ನಡೆದದ್ದು ಹೇಳಿದೆ. ಅವಳು ಒಂದೇ ಮಾತು ಕೇಳಿದಳು: “ಕಲ್ಲಿಗೆ ಕಾಣ್ಲಿಲ್ಲ, ಸರಿ. ನಿಮ್ಗೆ ಕಂಡ್ಮೇಲೆ ಒಂಬತ್ ದಿನ ಯಾಕ್ ಸುಮ್ನಿದ್ರಿ ಆಚಾರ್ರೇ?”

ತಪ್ಪು ಗೊತ್ತಾದ ಗಳಿಗೆಯಲ್ಲೇ ಹೇಳುವುದೂ ಕಸುಬಿನೊಳಗೆ ಸೇರಿದ್ದು ಎಂದು ನಾನು ಕಲಿತದ್ದು ಹೀಗೆ. ಈಗಲೂ ಜನ ಚಿನ್ನ ತಂದರೆ ಒರೆಗೆ ಹಚ್ಚಿ ನೋಡುತ್ತೇನೆ. ಶುದ್ಧ ಎನ್ನುವುದಿಲ್ಲ. ಕಲ್ಲಿಗೆ ಕಾಣುವಷ್ಟು ಶುದ್ಧ ಎನ್ನುತ್ತೇನೆ.